2.5 ಅನ್ನು ರೌಂಡ್ ಮಾಡಿದರೆ ಒಂದು ಕಾಲಂನಲ್ಲಿ 3, ಇನ್ನೊಂದರಲ್ಲಿ 2. ತಪ್ಪು ಯಾರದು?

ಪ್ರಶ್ನೆ: ಒಂದು ಸಗಟು ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಬಿಲ್ ಟೇಬಲ್‌ನಲ್ಲಿ ಮೊತ್ತದ ಕಾಲಂ ನ್ಯೂಮೆರಿಕ್, ಅಂದರೆ ಅಂಕಿಗಳನ್ನು ಹತ್ತರ ಲೆಕ್ಕದಲ್ಲೇ ಇಡುವ ಟೈಪ್. ನನಗಿಂತ ಮುಂಚೆ ಇದ್ದವರು ಮಾಡಿದ ವರದಿ ಟೇಬಲ್‌ನಲ್ಲಿ ಅದೇ ಮೊತ್ತ ಡಬಲ್ ಪ್ರಿಸಿಷನ್, ಅಂದರೆ ದಶಮಾಂಶವನ್ನು ಅಂದಾಜಾಗಿ ಇಡುವ ಟೈಪ್. ಎರಡರಲ್ಲೂ 2.5 ಅಂತಲೇ ಕಾಣುತ್ತದೆ, ಆದರೆ ರೌಂಡ್ ಮಾಡಿದರೆ ಒಂದು ಕಡೆ 3, ಇನ್ನೊಂದು ಕಡೆ 2. ತಮಾಷೆ ಅಂದರೆ 3.5 ಹಾಕಿದರೆ ಎರಡೂ ಕಡೆ 4 ಬರುತ್ತದೆ. ತಿಂಗಳ ಕೊನೆಗೆ ಲೆಕ್ಕ ತಾಳೆ ಆಗುತ್ತಿಲ್ಲ, ಅಂಗಡಿಯ ಅಕೌಂಟೆಂಟ್ ದಿನಾ ಫೋನ್ ಮಾಡುತ್ತಾರೆ. ಇದು ಪೋಸ್ಟ್‌ಗ್ರೆಸ್‌ನ ಬಗ್ಗಾ ಸರ್? ಹೇಗೆ ಸರಿ ಮಾಡಲಿ?

ಉತ್ತರ: ಬಗ್ ಅಲ್ಲ. ನಿಮ್ಮ 3.5ರ ಪರೀಕ್ಷೆಯಲ್ಲೇ ಅರ್ಧ ಉತ್ತರ ಸಿಕ್ಕಿದೆ. ಡಬಲ್ ಕಾಲಂನಲ್ಲಿ 2.5 ಕೆಳಗಿಳಿದು 2 ಆಯಿತು, 3.5 ಮೇಲೇರಿ 4 ಆಯಿತು. ಅಲ್ಲೇ 0.5 ಮತ್ತು 1.5 ಕೂಡ ಹಾಕಿ ನೋಡಿ. ಮೊದಲನೆಯದಕ್ಕೆ 0 ಬರುತ್ತದೆ, ಎರಡನೆಯದಕ್ಕೆ 2. ಸಾಲಾಗಿ ಬರೆದರೆ 0, 2, 2, 4. ಎಲ್ಲವೂ ಸಮಸಂಖ್ಯೆ, ಅಲ್ವಾ? ಅಂದರೆ ಅದು ಮನಸ್ಸಿಗೆ ಬಂದ ಹಾಗೆ ಕುಣಿಯುತ್ತಿಲ್ಲ. ಒಂದು ನಿಯಮ ಹಿಡಿದೇ ನಡೆಯುತ್ತಿದೆ, ಆ ನಿಯಮ ನಿಮ್ಮ ಅಂಗಡಿಗೆ ಬೇಕಾದ ನಿಯಮ ಅಲ್ಲ ಅಷ್ಟೆ.

ಶಾಲೆಯಲ್ಲಿ ನಾವೆಲ್ಲ ಕಲಿತದ್ದು, ಅರ್ಧ ಅಥವಾ ಜಾಸ್ತಿ ಇದ್ದರೆ ಒಂದು ಕೂಡಿಸು, ಕಡಿಮೆ ಇದ್ದರೆ ಬಿಟ್ಟುಬಿಡು. ಪೋಸ್ಟ್‌ಗ್ರೆಸ್‌ನ ನ್ಯೂಮೆರಿಕ್ ಮಾಡುವುದು ಇದನ್ನೇ. ಸರಿಯಾಗಿ ಅರ್ಧಕ್ಕೆ ಬಂದು ನಿಂತರೆ ಅದು ಸೊನ್ನೆಯಿಂದ ದೂರ ಹೋಗುತ್ತದೆ. 2.5 ಇದ್ದದ್ದು 3, ಮೈನಸ್ 2.5 ಇದ್ದದ್ದು ಮೈನಸ್ 3. ಡಬಲ್ ಪ್ರಿಸಿಷನ್ ಹಾಗಲ್ಲ. ಅರ್ಧಕ್ಕೆ ಬಂದಾಗ ಅದು ಪಕ್ಕದ ಸಮಸಂಖ್ಯೆಗೆ ಹೋಗಿ ಕೂರುತ್ತದೆ, ಅದು ಮೇಲಿರಲಿ ಕೆಳಗಿರಲಿ. ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲಿ ಸಂಖ್ಯಾ ಟೈಪ್‌ಗಳ ಭಾಗ ತೆರೆದು ನೋಡಿ, ಮೈನಸ್ 3.5ರಿಂದ 3.5ರವರೆಗೆ ಎರಡೂ ಟೈಪ್‌ಗಳ ಉತ್ತರವನ್ನು ಪಕ್ಕಪಕ್ಕ ಇಟ್ಟು ಪಟ್ಟಿ ಮಾಡಿ ಕೊಟ್ಟಿದ್ದಾರೆ. ಡಬಲ್‌ನ ನಡತೆ ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಬದಲಾಗಬಹುದು, ಸಾಮಾನ್ಯವಾಗಿ ಸಮಸಂಖ್ಯೆಯ ನಿಯಮವೇ ಇರುತ್ತದೆ ಅಂತಲೂ ಅಲ್ಲೇ ಬರೆದಿದ್ದಾರೆ. ಇಷ್ಟು ಸ್ಪಷ್ಟವಾಗಿ ಬರೆದಿಟ್ಟರೂ ನಾವು ಯಾರೂ ಓದುವುದಿಲ್ಲ. ನಾನೂ ಓದಿರಲಿಲ್ಲ, ಒಮ್ಮೆ ಪೆಟ್ಟು ತಿಂದ ಮೇಲೆ ಓದಿದೆ.

ನೀವು ಮೋಸ ಹೋದದ್ದು ಹೆಸರಿನಿಂದ. ಪೋಸ್ಟ್‌ಗ್ರೆಸ್‌ಗೆ ಆದೇಶ ಟೈಪ್ ಮಾಡುವ ಪಿಎಸ್‌ಕ್ಯೂಎಲ್ ತೆರೆದು ರೌಂಡ್ ಹೆಸರಿನ ಫಂಕ್ಷನ್‌ಗಳ ಪಟ್ಟಿ ಕೇಳಿ. ಮೂರು ಬರುತ್ತವೆ. ಡಬಲ್ ತಗೊಳ್ಳುವುದು ಒಂದು, ನ್ಯೂಮೆರಿಕ್ ತಗೊಳ್ಳುವುದು ಒಂದು, ನ್ಯೂಮೆರಿಕ್ ಜೊತೆಗೆ ಎಷ್ಟು ದಶಮಾಂಶ ಸ್ಥಾನ ಬೇಕು ಅಂತ ಕೇಳುವುದು ಇನ್ನೊಂದು. ಒಂದೇ ಓಣಿಯಲ್ಲಿ ಮೂವರು ಮಂಜುನಾಥರು ಇದ್ದ ಹಾಗೆ. ನೀವು ಹೆಸರು ಹಿಡಿದು ಕೂಗುತ್ತೀರಿ, ಯಾರು ಓಗೊಡುತ್ತಾರೆ ಅನ್ನೋದು ನೀವು ಕೈಯಲ್ಲಿ ಹಿಡಿದ ಟೈಪ್ ಮೇಲೆ ನಿಂತಿದೆ. ಡಬಲ್‌ನವನು ಲೆಕ್ಕವನ್ನು ಸಿ ಭಾಷೆಯ ಲೈಬ್ರರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತಾನೆ. ನ್ಯೂಮೆರಿಕ್‌ನವನು ಪೋಸ್ಟ್‌ಗ್ರೆಸ್‌ನದೇ ಕೋಡ್‌ನಲ್ಲಿ, ನಾವು ಸ್ಲೇಟಿನ ಮೇಲೆ ಮಾಡಿದ ಹಾಗೆ, ಹತ್ತರ ಲೆಕ್ಕದಲ್ಲೇ ಮಾಡುತ್ತಾನೆ. ಇಂಟಿಜರ್‌ಗೆ (ಪೂರ್ಣಸಂಖ್ಯೆಗೆ) ಕಾಸ್ಟ್ ಮಾಡಿದರೂ, ಅಂದರೆ ಟೈಪ್ ಬದಲಿಸಿದರೂ, ಇದೇ ಕಥೆ. ಡಬಲ್ 2.5 ಅನ್ನು ಇಂಟಿಜರ್ ಮಾಡಿದರೆ 2, ನ್ಯೂಮೆರಿಕ್ 2.5 ಅನ್ನು ಮಾಡಿದರೆ 3.

ಹಾಗಾದರೆ ಡಬಲ್‌ಗೆ ಆ ವಿಚಿತ್ರ ನಿಯಮ ಯಾಕೆ? ಅದು ಸುಮ್ನೆ ಬಂದದ್ದಲ್ಲ. 1985ರಲ್ಲಿ ಬಂದ ಐಇಇಇ 754 ಅನ್ನುವ, ಡಬಲ್‌ನಂಥ ಸಂಖ್ಯೆಗಳ ಲೆಕ್ಕದ ಮಾನದಂಡ ಇದನ್ನೇ ಮೊದಲ ಆಯ್ಕೆಯಾಗಿ ಇಟ್ಟಿತು. ಅದರ ಹಿಂದಿನ ಮುಖ್ಯ ತಲೆ ವಿಲಿಯಂ ಕಹಾನ್, 1989ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. ವಾದ ಸರಳ. 0.5, 1.5, 2.5, 3.5 ಕೂಡಿದರೆ 8. ಶಾಲೆಯ ನಿಯಮದಲ್ಲಿ ಒಂದೊಂದನ್ನೂ ರೌಂಡ್ ಮಾಡಿ ಕೂಡಿ: 1, 2, 3, 4, ಒಟ್ಟು 10. ಸಮಸಂಖ್ಯೆಯ ನಿಯಮದಲ್ಲಿ 0, 2, 2, 4, ಒಟ್ಟು 8. ಅರ್ಧ ಬಂದಾಗಲೆಲ್ಲ ಮೇಲಕ್ಕೇ ತಳ್ಳಿದರೆ ಕೋಟಿ ಲೆಕ್ಕದ ಕೊನೆಗೆ ಮೊತ್ತ ಒಂದೇ ಕಡೆ ವಾಲುತ್ತದೆ. ಅರ್ಧ ಸಲ ಮೇಲೆ, ಅರ್ಧ ಸಲ ಕೆಳಗೆ ಹೋದರೆ ವಾಲುವುದಿಲ್ಲ. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಅಂತಲೂ ಹೆಸರಿದೆ. ವಿಜ್ಞಾನಿಗೆ, ಹವಾಮಾನದ ಲೆಕ್ಕ ಹಾಕುವವರಿಗೆ ಇದು ಒಳ್ಳೆಯ ನಿಯಮ. ಅದನ್ನು ನಾನು ಬೈಯುವುದಿಲ್ಲ.

ನಿಮ್ಮ ಅಂಗಡಿಗೆ ಮಾತ್ರ ಅದು ಒಗ್ಗುವುದಿಲ್ಲ, ಅದಕ್ಕೆ ಕಾರಣ ಗಣಿತ ಅಲ್ಲ, ಕಾನೂನು. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ತೆರಿಗೆ, ಬಡ್ಡಿ, ದಂಡ, ರಿಫಂಡ್ ಇಂಥ ಮೊತ್ತಗಳನ್ನು ಹತ್ತಿರದ ರೂಪಾಯಿಗೆ ರೌಂಡ್ ಆಫ್ ಮಾಡಿ ಅನ್ನುತ್ತದೆ. ಪೈಸೆಯ ಭಾಗ 50 ಅಥವಾ ಜಾಸ್ತಿ ಇದ್ದರೆ ಒಂದು ರೂಪಾಯಿ ಮಾಡಿ, ಕಡಿಮೆ ಇದ್ದರೆ ಬಿಡಿ. 1961ರ ಆದಾಯ ತೆರಿಗೆ ಕಾಯ್ದೆಯ 288ಎ ಕೂಡ ಹತ್ತರ ಗುಣಕಕ್ಕೆ ಇದೇ ಧಾಟಿ ಹಿಡಿದಿತ್ತು, ಕೊನೆಯ ಅಂಕಿ 5 ಅಥವಾ ಜಾಸ್ತಿ ಆದರೆ ಮೇಲಕ್ಕೆ. ಸಮಸಂಖ್ಯೆಯ ಮಾತೇ ಇಲ್ಲ. ಹಾಗಾಗಿ 2 ರೂಪಾಯಿ 50 ಪೈಸೆಯನ್ನು 2 ಅಂತ ತೋರಿಸುವ ನಿಮ್ಮ ವರದಿ ಟೇಬಲ್ ತಪ್ಪು, 3 ಅನ್ನುವ ಬಿಲ್ ಟೇಬಲ್ ಸರಿ. ಈ ರೂಪಾಯಿಯ ರೌಂಡಿಂಗ್ ಯಾವ ಹಂತದಲ್ಲಿ ಆಗಬೇಕು ಅನ್ನೋದನ್ನು ಅಂಗಡಿಯ ಸಿಎ ಕೇಳಿ ಬರೆಸಿಕೊಳ್ಳಿ. ಅದು ಪ್ರೋಗ್ರಾಮರ್ ತೀರ್ಮಾನ ಮಾಡುವ ವಿಷಯ ಅಲ್ಲ, ನಾವು ಮಾಡಿಬಿಡುತ್ತೇವೆ ಅನ್ನೋದೇ ಸಮಸ್ಯೆ.

ಇಷ್ಟಕ್ಕೇ ಮುಗಿದಿದ್ದರೆ ನಿಮಗೆ ಎರಡು ಸಾಲಿನ ಉತ್ತರ ಬರೆದು ಸುಮ್ಮನಾಗುತ್ತಿದ್ದೆ. ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. ನೀವು ಪರೀಕ್ಷೆಗೆ ತಗೊಂಡ 2.5 ತುಂಬ ಸಂಭಾವಿತ ಸಂಖ್ಯೆ, ಅದು ಬೈನರಿಯಲ್ಲಿ, ಅಂದರೆ ಕಂಪ್ಯೂಟರ್‌ನ ಎರಡರ ಲೆಕ್ಕದಲ್ಲಿ, ಒಂದು ಚೂರೂ ಉಳಿಯದೆ ಕೂರುತ್ತದೆ. ಎಲ್ಲವೂ ಹಾಗೆ ಕೂರುವುದಿಲ್ಲ. ಹತ್ತು ರೂಪಾಯಿಯನ್ನು ಮೂವರಿಗೆ ಸಮನಾಗಿ ಹಂಚಲು ಹೋದರೆ 3.3333 ಅಂತ ಮುಗಿಯದೇ ಹೋಗುತ್ತದಲ್ಲ, ಹಾಗೆ ಬೈನರಿಗೆ ನಮ್ಮ 10 ಪೈಸೆ ಮುಗಿಯದ ಸಂಖ್ಯೆ. ಒಂದು ರೂಪಾಯಿಯ ಒಳಗೆ 0ಯಿಂದ 99 ಪೈಸೆವರೆಗೆ ನೂರು ಮೊತ್ತ ಇವೆ. ಅದರಲ್ಲಿ ಡಬಲ್‌ಗೆ ಕರಾರುವಾಕ್ಕಾಗಿ ಇಡಲು ಬರುವುದು ನಾಲ್ಕೇ ನಾಲ್ಕು: 0, 25, 50, 75. ಉಳಿದ 96 ಮೊತ್ತವೂ ಒಂದು ಕೂದಲೆಳೆ ಹೆಚ್ಚೋ ಕಡಿಮೆಯೋ ಇರುತ್ತವೆ.

ನಗು ಬರುವ ವಿಷಯ ಅಂದರೆ, ನಮ್ಮ ಅಜ್ಜಂದಿರ ಆಣೆ ಲೆಕ್ಕ ಇದ್ದಿದ್ದರೆ ಕಂಪ್ಯೂಟರ್‌ಗೆ ಸುಖವಾಗಿರುತ್ತಿತ್ತು. ರೂಪಾಯಿಗೆ 16 ಆಣೆ. ಎಂಟಾಣೆ, ನಾಲ್ಕಾಣೆ, ಎರಡಾಣೆ, ಒಂದಾಣೆ ಎಲ್ಲ ಎರಡರಿಂದ ಭಾಗಿಸುತ್ತಾ ಹೋಗಿದ್ದು, ಬೈನರಿಗೆ ಹೇಳಿ ಮಾಡಿಸಿದ ಹಾಗೆ. ಆಣೆಯೊಳಗಿನ ಕಾಸಿನ ಲೆಕ್ಕಕ್ಕೆ ಇಳಿದರೆ ಅಲ್ಲೂ ಕೆಡುತ್ತದೆ, ಆ ಮಾತು ಬೇರೆ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ಮನುಷ್ಯರಿಗೆ ಸಲೀಸಾಯಿತು, ಡಬಲ್ ಪ್ರಿಸಿಷನ್‌ಗೆ ಕಷ್ಟ ಬಂತು.

ಈಗ 1.005 ತಗೊಳ್ಳಿ. ಎರಡು ಸ್ಥಾನಕ್ಕೆ ರೌಂಡ್ ಮಾಡಿದರೆ 1.01 ಬರಬೇಕು. ಡಬಲ್ ಒಳಗೆ ನಿಜಕ್ಕೂ ಕೂತಿರುವುದು 1.00499999999999989 ಮತ್ತು ಅದರ ಬಾಲ. ಅದು ಅರ್ಧಕ್ಕಿಂತ ಕಡಿಮೆ, ಯಾವ ನಿಯಮ ಹಚ್ಚಿದರೂ ಕೆಳಗೇ ಹೋಗುತ್ತದೆ. ಅಂದರೆ ಸಮಸಂಖ್ಯೆಯೋ ಶಾಲೆಯ ನಿಯಮವೋ ಅನ್ನುವ ಜಗಳ ಶುರುವಾಗುವ ಮುಂಚೆಯೇ ಸಂಖ್ಯೆ ಜಾರಿಬಿಟ್ಟಿರುತ್ತದೆ. ಕಣ್ಣಿಗೆ ಮಾತ್ರ 1.005 ಅಂತಲೇ ಕಾಣುತ್ತದೆ, ಯಾಕೆಂದರೆ ಪೋಸ್ಟ್‌ಗ್ರೆಸ್ 12ನೇ ಆವೃತ್ತಿಯಿಂದ ಆ ಡಬಲ್ ಅನ್ನು ಗುರುತಿಸಲು ಸಾಕಾಗುವಷ್ಟು ಚಿಕ್ಕ ರೂಪದಲ್ಲಿ ತೋರಿಸುತ್ತದೆ, ಅದಕ್ಕೆ ಮುಂಚೆ 15 ಅಂಕಿಗೆ ಕತ್ತರಿಸಿ ತೋರಿಸುತ್ತಿತ್ತು. ಕಂಡದ್ದೆಲ್ಲ ಇದ್ದದ್ದಲ್ಲ.

ಡಬಲ್‌ಗೆ ಎರಡು ಸ್ಥಾನದ ರೌಂಡ್ ಕೇಳಿದರೆ ಪೋಸ್ಟ್‌ಗ್ರೆಸ್ ಅಂಥ ಫಂಕ್ಷನ್ನೇ ಇಲ್ಲ ಅಂತ ಎರರ್ ಕೊಡುತ್ತದೆ. ನನ್ನ ಕೇಳಿದರೆ ಅದು ಡೇಟಾಬೇಸ್ ನಮಗೆ ಮಾಡಿದ ಉಪಕಾರ. ಆದರೆ ಜನ ಎರರ್ ನೋಡಿ ಏನು ಮಾಡುತ್ತಾರೆ? ನೂರರಿಂದ ಗುಣಿಸಿ, ರೌಂಡ್ ಮಾಡಿ, ಮತ್ತೆ ನೂರರಿಂದ ಭಾಗಿಸುತ್ತಾರೆ. ನಿಮ್ಮ ವರದಿ ಕೋಡ್‌ನಲ್ಲೂ ಇದು ಇದ್ದೇ ಇರುತ್ತದೆ, ಹುಡುಕಿ. ಡಬಲ್‌ನಲ್ಲಿ 1.005 ಅನ್ನು ನೂರರಿಂದ ಗುಣಿಸಿದರೆ 100.5 ಬರುವುದಿಲ್ಲ, 100.49999999999999 ಬರುತ್ತದೆ. ರೌಂಡ್ ಮಾಡಿದರೆ 100, ಭಾಗಿಸಿದರೆ 1. ಒಂದು ಪೈಸೆ ಹೋಯಿತು. ಯಾರ ಜೇಬಿಗೂ ಹೋಗಲಿಲ್ಲ, ಸುಮ್ನೆ ಹೋಯಿತು.

ಸರಿಯಾದ ದಾರಿ, ಮೊದಲು ನ್ಯೂಮೆರಿಕ್‌ಗೆ ಕಾಸ್ಟ್ ಮಾಡಿ ಆಮೇಲೆ ರೌಂಡ್ ಮಾಡುವುದು. ಇಲ್ಲಿ ಒಂದು ಚಂದದ ಗುಟ್ಟಿದೆ. ಡಬಲ್‌ನಿಂದ ನ್ಯೂಮೆರಿಕ್‌ಗೆ ಬರುವಾಗ ಪೋಸ್ಟ್‌ಗ್ರೆಸ್ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. ಆ 1.00499999999999989 ಹದಿನೈದು ಅಂಕಿಗೆ ಬಂದಾಗ ಮತ್ತೆ 1.005 ಆಗುತ್ತದೆ, ರೌಂಡ್ ಮಾಡಿದರೆ 1.01 ಸಿಗುತ್ತದೆ. ಕೆಟ್ಟದ್ದು ತಾನೇ ರಿಪೇರಿ ಆದ ಹಾಗೆ. ಅಂಗಡಿಯ ಮೊತ್ತಗಳಿಗೆ 15 ಅಂಕಿ ಧಾರಾಳ. ಆದರೆ ಯಾರಾದರೂ ಡಬಲ್ ಬದಲು ಅದರ ಚಿಕ್ಕ ತಮ್ಮ ರಿಯಲ್ ಟೈಪ್ ಇಟ್ಟಿದ್ದರೆ ಹುಷಾರು. ಅದರ ಕಾಸ್ಟ್ ಉಳಿಸುವುದು 6 ಅಂಕಿ ಮಾತ್ರ. ರಿಯಲ್ ಕಾಲಂನಲ್ಲಿ 1234567 ಇದ್ದು ನ್ಯೂಮೆರಿಕ್ ಮಾಡಿದರೆ 1234570 ಬರುತ್ತದೆ. ಮೂರು ರೂಪಾಯಿ ಆಕಾಶದಿಂದ ಬಿತ್ತು! ಅಂಥ ಕಾಲಂ ಇದ್ದರೆ ಮೊದಲು ಡಬಲ್‌ಗೆ, ಅಲ್ಲಿಂದ ನ್ಯೂಮೆರಿಕ್‌ಗೆ ಬನ್ನಿ.

ಇನ್ನೊಂದು ಮಾತು, ಇದು ಅಂಟುರೋಗ. ಪೋಸ್ಟ್‌ಗ್ರೆಸ್‌ನಲ್ಲಿ ನೀವು ಕೈಯಲ್ಲಿ ಬರೆದ 0.18 ನ್ಯೂಮೆರಿಕ್. ಆದರೆ ಅದನ್ನು ಒಂದು ಡಬಲ್ ಕಾಲಂನಿಂದ ಗುಣಿಸಿದ ಕೂಡಲೇ ಉತ್ತರ ಡಬಲ್ ಆಗುತ್ತದೆ. ಹತ್ತು ಕಾಲಂ ಇರುವ ಲೆಕ್ಕದಲ್ಲಿ ಒಂಬತ್ತು ನ್ಯೂಮೆರಿಕ್, ಒಂದು ರಿಯಾಯಿತಿ ಕಾಲಂ ಡಬಲ್ ಆಗಿದ್ದರೆ ಸಾಕು, ಅದು ಮುಟ್ಟಿದ ಕಡೆಯಿಂದ ಆಚೆ ಎಲ್ಲವೂ ಡಬಲ್. ಹಾಲಿಗೆ ಒಂದು ಹನಿ ಹುಳಿ ಬಿದ್ದ ಹಾಗೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಅನುಮಾನ ಬಂದರೆ ಪಿಜಿ ಟೈಪ್ ಆಫ್ ಅನ್ನುವ ಫಂಕ್ಷನ್ ಒಳಗೆ ಇಡೀ ಲೆಕ್ಕ ಹಾಕಿ, ಉತ್ತರದ ಟೈಪ್ ಏನು ಅಂತ ಹೇಳಿಬಿಡುತ್ತದೆ. ನಾನು ಯಾವ ಹಳೆಯ ಕೋಡ್ ಕೈಗೆ ಬಂದರೂ ಮೊದಲು ಮಾಡುವ ಕೆಲಸ ಇದೇ.

ನಾನು ಪೆಟ್ಟು ತಿಂದದ್ದು ಹೇಗೆ ಅಂತ ಹೇಳುತ್ತೇನೆ. ಒಂದು ಕಡೆ ಫೋನ್ ಕರೆಗಳ ಅವಧಿಯನ್ನು ನಿಮಿಷಕ್ಕೆ ರೌಂಡ್ ಮಾಡುವ ವರದಿ ಇತ್ತು. ಕರೆಯ ಅವಧಿಯಿಂದ ಎಕ್ಸ್‌ಟ್ರಾಕ್ಟ್ ಬಳಸಿ ಸೆಕೆಂಡ್ ತೆಗೆದು 60ರಿಂದ ಭಾಗಿಸಿ ರೌಂಡ್ ಮಾಡುತ್ತಿದ್ದೆವು. ಒಂದು ಶನಿವಾರ ಪೋಸ್ಟ್‌ಗ್ರೆಸ್ 13ರಿಂದ 14ಕ್ಕೆ ಏರಿಸಿದೆವು. ಸೋಮವಾರ ಹಳೆಯ ತಿಂಗಳ ವರದಿಯನ್ನು ಮತ್ತೆ ತೆಗೆದರೆ ನಿಮಿಷಗಳು ಜಾಸ್ತಿ! ಡೇಟಾ ಅದೇ, ಕೋಡ್ ಅದೇ. ಒಂದು ದಿನ ಪೂರ್ತಿ ಬ್ಯಾಕಪ್ ಮೇಲೆ ಅನುಮಾನ ಪಟ್ಟೆವು. ಕೊನೆಗೆ ತಿಳಿದದ್ದು, 14ನೇ ಆವೃತ್ತಿಯಲ್ಲಿ ಎಕ್ಸ್‌ಟ್ರಾಕ್ಟ್ ಕೊಡುವ ಟೈಪ್ ಡಬಲ್‌ನಿಂದ ನ್ಯೂಮೆರಿಕ್‌ಗೆ ಬದಲಾಗಿದೆ. 150 ಸೆಕೆಂಡ್ ಅಂದರೆ ಎರಡೂವರೆ ನಿಮಿಷ, ಮೊದಲು 2 ಆಗುತ್ತಿತ್ತು, ಈಗ 3. ನಾವು ಒಂದಕ್ಷರ ಮುಟ್ಟದೆ ರೌಂಡಿಂಗ್ ನಿಯಮ ಬದಲಾಯಿತು. ಬಿಡುಗಡೆ ಟಿಪ್ಪಣಿಯಲ್ಲಿ ಬರೆದೇ ಇದ್ದರು, ಓದದ ತಪ್ಪು ನಮ್ಮದು.

ಬೇರೆ ಡೇಟಾಬೇಸ್‌ಗೆ ಹೋದರೆ ತಪ್ಪಿಸಿಕೊಳ್ಳಬಹುದು ಅಂದುಕೊಂಡರೆ ಅದೂ ಇಲ್ಲ. ಒರಾಕಲ್‌ನಲ್ಲಿ ನಂಬರ್ ಟೈಪ್‌ಗೆ ಶಾಲೆಯ ನಿಯಮ, ಬೈನರಿ ಫ್ಲೋಟ್‌ಗೂ ಬೈನರಿ ಡಬಲ್‌ಗೂ ಸಮಸಂಖ್ಯೆಯ ನಿಯಮ. ನಂಬರ್‌ಗೂ ಸಮಸಂಖ್ಯೆಯ ನಿಯಮ ಬೇಕೆನ್ನುವವರಿಗೆ 18ಸಿ ಆವೃತ್ತಿಯಲ್ಲಿ ಬೇರೆ ಫಂಕ್ಷನ್ನೇ ಕೊಟ್ಟರು. ಮೈಎಸ್‌ಕ್ಯೂಎಲ್ ಇನ್ನೂ ಮಜಾ. 2.5 ಅಂತ ಬರೆದು ರೌಂಡ್ ಮಾಡಿದರೆ 3, ಅದನ್ನೇ 25ಇ-1 ಅಂತ ಘಾತದ ರೂಪದಲ್ಲಿ ಬರೆದರೆ ಸಾಮಾನ್ಯವಾಗಿ 2, ಯಾಕೆಂದರೆ ಹಾಗೆ ಬರೆದದ್ದು ಅಲ್ಲಿ ಅಂದಾಜು ಟೈಪ್. ಪೋಸ್ಟ್‌ಗ್ರೆಸ್‌ನಲ್ಲಿ ಹೇಗೆ ಬರೆದರೂ ಅದು ನ್ಯೂಮೆರಿಕ್ಕೇ. ಮೈಎಸ್‌ಕ್ಯೂಎಲ್‌ನಲ್ಲಿ ಅದೇ ಅಂದಾಜು ಸಂಖ್ಯೆಯನ್ನು ಇಂಟಿಜರ್ ಕಾಲಂಗೆ ಸೇರಿಸಿದರೆ ಮತ್ತೆ ಶಾಲೆಯ ನಿಯಮ. ಅಂದರೆ ಸೆಲೆಕ್ಟ್ ಮಾಡಿ ನೋಡಿದಾಗ ಒಂದು, ಟೇಬಲ್‌ಗೆ ಹಾಕಿದಾಗ ಇನ್ನೊಂದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬೇರೆಯದೇ ಗುಂಡಿ ಇದೆ: ಡೆಸಿಮಲ್ 2.9 ಅನ್ನು ಇಂಟಿಜರ್‌ಗೆ ಕಾಸ್ಟ್ ಮಾಡಿದರೆ ಬಾಲ ಕತ್ತರಿಸಿ 2 ಕೊಡುತ್ತದೆ, ಅದೇ 2.9 ಮನಿ ಟೈಪ್‌ನಲ್ಲಿ ಇದ್ದರೆ ರೌಂಡ್ ಮಾಡಿ 3 ಕೊಡುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂಗೆ ಡೆಸಿಮಲ್ ಅಂತ ಹೆಸರು ಕೊಟ್ಟರೂ ಒಳಗೆ ಕೂರುವುದು ಅದೇ 8 ಬೈಟ್‌ನ ಫ್ಲೋಟ್, ಅಂದರೆ ಡಬಲ್. ಹೆಸರಿಗೆ ಮರುಳಾಗಬೇಡಿ. ಪೋಸ್ಟ್‌ಗ್ರೆಸ್‌ನ ಮನಿ ಟೈಪ್ ಬಗ್ಗೆಯೂ ಅದೇ ಮಾತು, ಇಂಟಿಜರ್‌ನಿಂದ ಭಾಗಿಸಿದರೆ ಅದು ಪೈಸೆಯ ಆಚೆಯದನ್ನು ರೌಂಡ್ ಮಾಡದೆ ಸುಮ್ನೆ ಕತ್ತರಿಸುತ್ತದೆ. ಬಳಸಬೇಡಿ.

ಡೇಟಾಬೇಸ್ ದಾಟಿ ಮೇಲೆ ಬಂದರೂ ನೆಮ್ಮದಿ ಇಲ್ಲ. ಪೈಥಾನ್ 3ರ ರೌಂಡ್ 2.5ಕ್ಕೆ 2 ಕೊಡುತ್ತದೆ. ಅದರ ಡೆಸಿಮಲ್ ಮಾಡ್ಯೂಲ್ ಹತ್ತರ ಲೆಕ್ಕವೇ ಆದರೂ, ಹೇಳದಿದ್ದರೆ ಸಮಸಂಖ್ಯೆಯ ನಿಯಮವನ್ನೇ ಹಿಡಿಯುತ್ತದೆ, ರೌಂಡ್ ಹಾಫ್ ಅಪ್ ಬೇಕು ಅಂತ ನೀವೇ ಬಾಯಿಬಿಟ್ಟು ಕೇಳಬೇಕು. ಜಾವಾಸ್ಕ್ರಿಪ್ಟ್‌ನ ಮ್ಯಾಥ್ ರೌಂಡ್ ಮೂರನೆಯ ಜಾತಿ. 2.5ಕ್ಕೆ 3, ಸರಿ. ಮೈನಸ್ 2.5ಕ್ಕೆ ಮೈನಸ್ 2! ಜಾವಾದ ಮ್ಯಾಥ್ ರೌಂಡ್ ಕೂಡ ಹಾಗೇ. ಇದು ನಿಮಗೆ ಯಾಕೆ ಮುಖ್ಯ ಅಂದರೆ ಕ್ರೆಡಿಟ್ ನೋಟ್. ಗಿರಾಕಿ ಮಾಲು ವಾಪಸ್ ತಂದಾಗ ಬಿಲ್ಲಿನ ಮೊತ್ತವನ್ನೇ ಮೈನಸ್ ಮಾಡಿ ಹಾಕುತ್ತೀರಿ, ಎರಡೂ ಸೇರಿ ಸೊನ್ನೆ ಆಗಬೇಕು. ಬ್ರೌಸರ್‌ನಲ್ಲಿ ರೌಂಡ್ ಮಾಡಿದರೆ 3ಕ್ಕೆ ಮೈನಸ್ 2 ಸೇರಿ ಒಂದು ರೂಪಾಯಿ ಆ ಗಿರಾಕಿಯ ಖಾತೆಯಲ್ಲಿ ಎಂದೆಂದಿಗೂ ನೇತಾಡುತ್ತದೆ. ಎಕ್ಸೆಲ್‌ನ ರೌಂಡ್ ಶಾಲೆಯ ನಿಯಮ, ಅದೇ ಎಕ್ಸೆಲ್ ಒಳಗಿನ ವಿಬಿಎ ಮ್ಯಾಕ್ರೋದ ರೌಂಡ್ ಸಮಸಂಖ್ಯೆ. ಒಂದೇ ಮನೆಯಲ್ಲಿ ಎರಡು ಒಲೆ. ನಿಮ್ಮ ಅಕೌಂಟೆಂಟ್ ಮ್ಯಾಕ್ರೋ ಇಟ್ಟುಕೊಂಡಿದ್ದಾರಾ ಅಂತ ಒಮ್ಮೆ ಕೇಳಿ, ಜಗಳಕ್ಕೆ ಅದೂ ಒಂದು ಕಾರಣ ಇರಬಹುದು.

ನೀವು ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ (Node.js) ಬಳಸುತ್ತಿದ್ದರೆ ಇನ್ನೊಂದು ಜಾಗ ನೋಡಿ. ಅದರ ಪೋಸ್ಟ್‌ಗ್ರೆಸ್ ಡ್ರೈವರ್ ನ್ಯೂಮೆರಿಕ್ ಅನ್ನು ಸಂಖ್ಯೆಯಾಗಿ ಕೊಡದೆ ಸ್ಟ್ರಿಂಗ್ (ಅಕ್ಷರಗಳ ಸಾಲು) ಆಗಿ ಕೊಡುತ್ತದೆ. ಅದು ಬೇಕಂತಲೇ ಇಟ್ಟ ಎಚ್ಚರಿಕೆ. ನಮ್ಮ ಹುಡುಗರು ಇದೇನು ಕಿರಿಕಿರಿ ಅಂತ ಅದಕ್ಕೆ ಸ್ಟ್ರಿಂಗ್ ಅನ್ನು ಸಂಖ್ಯೆ ಮಾಡುವ ಪಾರ್ಸ್ ಫ್ಲೋಟ್ ಹಚ್ಚುತ್ತಾರೆ. ಡೇಟಾಬೇಸ್‌ನಲ್ಲಿ ಜೋಪಾನವಾಗಿಟ್ಟ ಪೈಸೆ ಅಲ್ಲಿ ಮತ್ತೆ ಡಬಲ್ ಆಗುತ್ತದೆ.

ಈಗ ಇನ್ನೊಂದು ವಿಷಯ, ಇದಕ್ಕೆ ಟೈಪ್ ಬದಲಿಸಿದರೂ ಪರಿಹಾರ ಇಲ್ಲ. ಎಷ್ಟು ಸಲ ರೌಂಡ್ ಮಾಡುತ್ತೀರಿ ಅನ್ನೋದು. 33.33 ರೂಪಾಯಿಯ ಮೂರು ಐಟಂ, 5 ಪರ್ಸೆಂಟ್ ತೆರಿಗೆ. ಒಂದೊಂದಕ್ಕೂ 1.6665, ರೌಂಡ್ ಮಾಡಿದರೆ 1.67, ಮೂರು ಸೇರಿ 5.01. ಒಟ್ಟು 99.99ಕ್ಕೆ ಒಮ್ಮೆಲೇ ಹಾಕಿದರೆ 4.9995, ಅಂದರೆ 5.00. ಎರಡೂ ನ್ಯೂಮೆರಿಕ್ಕೇ, ಎರಡೂ ಸರಿಯಾದ ಗಣಿತವೇ, ಆದರೂ ಒಂದು ಪೈಸೆ ವ್ಯತ್ಯಾಸ. ತೆರಿಗೆಯನ್ನು ಕೇಂದ್ರದ ಸಿಜಿಎಸ್‌ಟಿ, ರಾಜ್ಯದ ಎಸ್‌ಜಿಎಸ್‌ಟಿ ಅಂತ ಒಡೆಯುವಾಗಲೂ ಹೀಗೇ. 101 ರೂಪಾಯಿಗೆ 5 ಪರ್ಸೆಂಟ್ ಅಂದರೆ 5.05. ಎರಡು ಪಾಲು ಮಾಡಿದರೆ ತಲಾ 2.525, ಶಾಲೆಯ ನಿಯಮದಲ್ಲಿ ತಲಾ 2.53, ಸೇರಿ 5.06. ಸಮಸಂಖ್ಯೆಯ ನಿಯಮದಲ್ಲಿ ತಲಾ 2.52, ಸೇರಿ 5.04. ಯಾವುದೂ 5.05 ಆಗುವುದಿಲ್ಲ! ಇಲ್ಲಿ ಪಾಲುಗಳನ್ನು ಮೊದಲು ರೌಂಡ್ ಮಾಡಿ, ಒಟ್ಟು ತೆರಿಗೆಯನ್ನು ಆ ಪಾಲುಗಳ ಮೊತ್ತ ಅಂತಲೇ ಇಟ್ಟುಕೊಳ್ಳುವುದು ಸಲೀಸು. ಒಟ್ಟನ್ನು ಬೇರೆ, ಪಾಲನ್ನು ಬೇರೆ ಲೆಕ್ಕ ಹಾಕಲು ಹೋಗಬೇಡಿ, ಎರಡು ಕಡೆ ಲೆಕ್ಕ ಹಾಕಿದ್ದು ಎಂದಾದರೊಂದು ದಿನ ಬೇರೆಯಾಗಿಯೇ ತೀರುತ್ತದೆ.

ಎರಡೆರಡು ಸಲ ರೌಂಡ್ ಮಾಡುವುದೂ ಅಪಾಯ. 1.4446 ಅನ್ನು ಮೂರು ಸ್ಥಾನದ ನ್ಯೂಮೆರಿಕ್ ಕಾಲಂನಲ್ಲಿ ಇಟ್ಟರೆ 1.445 ಆಗುತ್ತದೆ, ಪೋಸ್ಟ್‌ಗ್ರೆಸ್ ತುಟಿ ಪಿಟಕ್ ಅನ್ನದೆ ರೌಂಡ್ ಮಾಡಿ ಇಟ್ಟುಕೊಳ್ಳುತ್ತದೆ. ಆಮೇಲೆ ವರದಿಯಲ್ಲಿ ಎರಡು ಸ್ಥಾನಕ್ಕೆ ತಂದರೆ 1.45. ನೇರವಾಗಿ ತಂದಿದ್ದರೆ 1.44. ಸಣ್ಣ ಚಿಲ್ಲರೆ ಅಂತ ಬಿಡಬೇಡಿ. ಕೆನಡಾದ ವ್ಯಾಂಕೂವರ್ ಸ್ಟಾಕ್ ಎಕ್ಸ್‌ಚೇಂಜ್ 1982ರಲ್ಲಿ 1000ದಿಂದ ಒಂದು ಸೂಚ್ಯಂಕ ಶುರು ಮಾಡಿತು. ಪ್ರತಿ ವಹಿವಾಟಿಗೂ ಹೊಸದಾಗಿ ಲೆಕ್ಕ ಹಾಕಿ ಮೂರು ಸ್ಥಾನಕ್ಕೆ ರೌಂಡ್ ಮಾಡುವ ಬದಲು ಕತ್ತರಿಸುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಅದು 524ಕ್ಕೆ ಇಳಿದಿತ್ತು, ಸರಿಯಾಗಿ ಲೆಕ್ಕ ಹಾಕಿದರೆ 1098ರ ಮೇಲಿತ್ತು. ದಿನಕ್ಕೆ ಸಾವಿರಾರು ಸಲ, ಒಂದೊಂದು ಸಲವೂ ಸಾವಿರದಲ್ಲಿ ಒಂದಂಶಕ್ಕಿಂತ ಕಡಿಮೆ. ಹನಿ ಹನಿ ಸೋರಿಯೇ ಅರ್ಧ ಕೊಡ ಖಾಲಿ.

ಸರಿ, ನೀವು ಈಗ ಮಾಡಬೇಕಾದದ್ದು. ಮೊದಲು ಏನನ್ನೂ ಬದಲಿಸಬೇಡಿ. ವರದಿ ಟೇಬಲ್‌ನಲ್ಲಿ ಮೊತ್ತವನ್ನು ನೇರ ರೌಂಡ್ ಮಾಡಿದ ಉತ್ತರವೂ, ನ್ಯೂಮೆರಿಕ್‌ಗೆ ಕಾಸ್ಟ್ ಮಾಡಿ ರೌಂಡ್ ಮಾಡಿದ ಉತ್ತರವೂ ಬೇರೆ ಬೇರೆ ಇರುವ ಸಾಲುಗಳನ್ನು ಮಾತ್ರ ಸೆಲೆಕ್ಟ್ ಮಾಡಿ. ನಿಮ್ಮ ರೂಪಾಯಿ ವ್ಯತ್ಯಾಸಕ್ಕೆ ಕಾರಣವಾದ ಸಾಲುಗಳು ಅಲ್ಲೇ ಸಿಗುತ್ತವೆ. ಆ ಪಟ್ಟಿಯನ್ನು ಅಕೌಂಟೆಂಟ್‌ಗೆ ಕೊಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಪಟ್ಟಿಯ ಮೊತ್ತ ತಿಂಗಳ ವ್ಯತ್ಯಾಸಕ್ಕೆ ಸರಿಹೋಗದಿದ್ದರೆ ಉಳಿದದ್ದು ಸಾಲುವಾರು, ಬಿಲ್‌ವಾರು ರೌಂಡಿಂಗ್‌ನ ಕಿತಾಪತಿ ಅಂತ ಹಿಡಿದು ಹುಡುಕಿ.

ಆಮೇಲೆ ಕಾಲಂನ ಟೈಪ್ ಬದಲಿಸಿ. ಹಣ ಇರುವ ಎಲ್ಲ ಕಾಲಂಗಳೂ ನ್ಯೂಮೆರಿಕ್, 12 ಅಂಕಿ, ಅದರಲ್ಲಿ 2 ದಶಮಾಂಶ ಸಾಕು. ಬದಲಿಸುವಾಗ ಆದೇಶದ ಯೂಸಿಂಗ್ ಭಾಗದಲ್ಲಿ (ಹಳೆಯ ಮೊತ್ತವನ್ನು ಹೊಸ ಟೈಪ್‌ಗೆ ಹೇಗೆ ತರಬೇಕು ಅಂತ ಹೇಳುವ ಜಾಗ) ನ್ಯೂಮೆರಿಕ್ ಕಾಸ್ಟ್ ಮತ್ತು ರೌಂಡ್ ಎರಡನ್ನೂ ನೀವೇ ಬರೆಯಿರಿ, ಆರು ತಿಂಗಳ ಮೇಲೆ ಓದುವವರಿಗೆ ನಿಮ್ಮ ಉದ್ದೇಶ ಗೊತ್ತಾಗಲಿ. ಈ ಕೆಲಸ ಇಡೀ ಟೇಬಲ್ ಅನ್ನು ಹೊಸದಾಗಿ ಬರೆಯುತ್ತದೆ, ಅಷ್ಟು ಹೊತ್ತು ಓದಲೂ ಬಿಡುವುದಿಲ್ಲ. ಅಂಗಡಿ ಮುಚ್ಚಿದ ಮೇಲೆ ಮಾಡಿ. ಆ ಕಾಲಂ ಬಳಸುವ ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಇದ್ದರೆ ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ, ವ್ಯೂ ತೆಗೆದು, ಬದಲಿಸಿ, ಮತ್ತೆ ಕಟ್ಟಬೇಕು. ತೆರಿಗೆ ದರ, ರಿಯಾಯಿತಿ ಪರ್ಸೆಂಟ್ ಕಾಲಂಗಳನ್ನು ಮರೆಯಬೇಡಿ, ಹುಳಿಯ ಹನಿ ಬೀಳುವುದು ಅಲ್ಲಿಂದಲೇ.

ಹಣವನ್ನು ಪೈಸೆ ಲೆಕ್ಕದಲ್ಲಿ ಬಿಗ್ ಇಂಟಿಜರ್ ಆಗಿ ಇಡಿ ಅಂತ ಹೇಳುವವರೂ ಸಿಗುತ್ತಾರೆ. ತಪ್ಪೇನಲ್ಲ. ಆದರೆ ಅಲ್ಲಿ ಭಾಗಾಕಾರ ಕತ್ತರಿಸುತ್ತದೆ, 5 ಭಾಗಿಸು 2 ಅಂದರೆ 2. ರೌಂಡಿಂಗ್ ಅನ್ನು ನೀವೇ ಕೈಯಾರೆ ಬರೆಯಬೇಕು, ಮೈನಸ್ ಮೊತ್ತಕ್ಕೂ ಸರಿಯಾಗಿ ಬರೆಯಬೇಕು. ನಿಮ್ಮಂಥ ಬಿಲ್ಲಿಂಗ್ ಕೆಲಸಕ್ಕೆ ನ್ಯೂಮೆರಿಕ್ ಸಾಕು ಅನ್ನೋದು ನನ್ನ ಅಭಿಪ್ರಾಯ. ಅದು ಡಬಲ್‌ಗಿಂತ ನಿಧಾನ, ನಿಜ, ಆದರೆ ದಿನಕ್ಕೆ ಕೆಲವು ಸಾವಿರ ಬಿಲ್‌ಗೆ ಆ ನಿಧಾನ ನಿಮ್ಮ ಕಣ್ಣಿಗೂ ಬೀಳುವುದಿಲ್ಲ. ಹಾಗಂತ ಉತ್ಸಾಹದಲ್ಲಿ ತೂಕದ ಯಂತ್ರದ ರೀಡಿಂಗ್, ಗೋದಾಮಿನ ಉಷ್ಣಾಂಶ ಎಲ್ಲವನ್ನೂ ನ್ಯೂಮೆರಿಕ್ ಮಾಡಲು ಹೋಗಬೇಡಿ. ಅಳತೆಯಲ್ಲೇ ಅಂದಾಜು ಇರುವ ಕಡೆ ಡಬಲ್ ಚೆನ್ನಾಗಿಯೇ ಇರುತ್ತದೆ.

ಕೊನೆಯ ಕೆಲಸ, ರೌಂಡಿಂಗ್ ಅನ್ನು ಒಂದೇ ಜಾಗಕ್ಕೆ ತನ್ನಿ. ಡೇಟಾಬೇಸ್‌ನಲ್ಲಿ ನಿಮ್ಮದೇ ಹೆಸರಿನ ಒಂದು ಫಂಕ್ಷನ್ ಬರೆಯಿರಿ, ಅದು ನ್ಯೂಮೆರಿಕ್ ಮಾತ್ರ ತಗೊಳ್ಳಲಿ. ಡಬಲ್‌ನಿಂದ ನ್ಯೂಮೆರಿಕ್‌ಗೆ ಪೋಸ್ಟ್‌ಗ್ರೆಸ್ ಫಂಕ್ಷನ್ ಕರೆಯುವಾಗ ತಾನಾಗಿ ಕಾಸ್ಟ್ ಮಾಡುವುದಿಲ್ಲ, ಹಾಗಾಗಿ ಯಾರಾದರೂ ಡಬಲ್ ತಂದು ಕೊಟ್ಟರೆ ಅಲ್ಲೇ ಎರರ್ ಬರುತ್ತದೆ. ಅದೇ ಬೇಕಾದದ್ದು. ಸ್ಕ್ರೀನ್, ಪ್ರಿಂಟ್, ವರದಿ ಯಾರೂ ತಾವೇ ರೌಂಡ್ ಮಾಡದೆ ಇಲ್ಲಿ ಬಂದ ಉತ್ತರವನ್ನೇ ತೋರಿಸಲಿ. ಬಿಲ್ಲಿನ ಕೊನೆಗೆ ರೌಂಡ್ ಆಫ್ ಅಂತ ಒಂದು ಸಾಲು ಹಾಕಿ ಆ ಮೂವತ್ತು, ನಲವತ್ತು ಪೈಸೆಯನ್ನು ಬೇರೆ ಖಾತೆಗೆ ಬರೆಯಿರಿ, ಆಗ ತಾಳೆ ನೋಡುವವರಿಗೆ ಅದು ಎಲ್ಲಿ ಹೋಯಿತು ಅಂತ ಹುಡುಕುವ ಗೋಜಿಲ್ಲ.

ಪರೀಕ್ಷೆಗೆ ನಾನು ಇಟ್ಟುಕೊಂಡಿರುವ ಆರು ಸಂಖ್ಯೆ ಕೊಡುತ್ತೇನೆ. ಪೂರ್ಣ ರೂಪಾಯಿಗೆ 0.5, 1.5, 2.5, ಮೈನಸ್ 2.5. ಎರಡು ಸ್ಥಾನಕ್ಕೆ 1.005 ಮತ್ತು 2.675. ಬರಬೇಕಾದ ಉತ್ತರ 1, 2, 3, ಮೈನಸ್ 3, 1.01, 2.68. ಇವನ್ನು ಡೇಟಾಬೇಸ್‌ನಲ್ಲಿ, ಸರ್ವರ್ ಕೋಡ್‌ನಲ್ಲಿ, ಬ್ರೌಸರ್‌ನಲ್ಲಿ, ಅಕೌಂಟೆಂಟ್‌ರ ಎಕ್ಸೆಲ್‌ನಲ್ಲಿ, ನಾಲ್ಕೂ ಕಡೆ ಓಡಿಸಿ ನೋಡಿ. ಎಲ್ಲಿ ತಪ್ಪು ಬಂತು ಅಂತ ಬರೆಯಿರಿ, ಅಲ್ಲಿಂದ ಮುಂದೆ ನೋಡೋಣ. ಬ್ರೌಸರ್‌ನಲ್ಲಿ ಒಂದಾದರೂ ಬಂದೇ ಬರುತ್ತದೆ ಅಂತ ನನ್ನ ಅಂದಾಜು.